ಬಕ್ಕೇಶಪ್ಪನವರು ಬಸ್ಸು ಹತ್ತಿದ್ದು

ಮಗಳ ತಲೆಯೊಳಗೆ ಏನೋ ಕೆಟ್ಟಿದೆ ಎಂಬ ಹೆದರಿಕೆ ಶಾಂತಕುಮಾರಿಯ ಎದೆಯಿಂದ ಇಳಿಯಲೊಲ್ಲದು. ರೊಟ್ಟಿ ತಟ್ಟುವಾಗಲೂ ಅದೇ, ಮಗುವಿಗೆ ಜಡೆ ಹಾಕುವಾಗಲೂ ಅದೇ. ಆರು ವರ್ಷದ ನೀಲಿ ಬಸ್ಸು ಹತ್ತಿದರೆ ವಾಂತಿ, ಜಟಕಾ ಹತ್ತಿದರೆ ವಾಂತಿ, ರೈಲಿನಲ್ಲಾದರೂ ಸರಿಹೋದೀತು ಎಂದರೆ ಅಲ್ಲೂ ವಾಂತಿ. ಶಿವಮೊಗ್ಗೆಯ ಹೈಸ್ಕೂಲಿನಲ್ಲಿ ಶರೀರಶಾಸ್ತ್ರ ಓದಿದ್ದೇ ಶಾಂತಕುಮಾರಿಗೆ ಮುಳುವಾಗಿತ್ತು. ಓದದವರಿಗೆ ವಾಂತಿ ಎಂದರೆ ಬರೀ ವಾಂತಿ. ಅವಳಿಗೋ ಮಿದುಳು, ನರ, ಪಿತ್ತಕೋಶ ಎಲ್ಲವೂ ಪಾಠದ ಚಿತ್ರದ ಹಾಗೆ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವು. ದಾವಣಗೆರೆಯ ಪಿ.ಜೆ. ಬಡಾವಣೆಯ ಡಾಕ್ಟರು ಮಗುವಿನ ಕಣ್ಣಿಗೆ ಬ್ಯಾಟರಿ ಬಿಟ್ಟು, ನಾಲಿಗೆ ನೋಡಿ, "ಏನೂ ಇಲ್ಲಮ್ಮ, ದೊಡ್ಡೋಳಾದ್ರೆ ಸರಿಹೋಗ್ತದೆ" ಎಂದಿದ್ದರು.

ದೊಡ್ಡವಳಾಗುವವರೆಗೆ ಕಾಯುವಂತಿರಲಿಲ್ಲ. ಶಿವಮೊಗ್ಗೆಯಲ್ಲಿ ಶಾಂತಕುಮಾರಿಯ ಅಮ್ಮ ಬಚ್ಚಲಲ್ಲಿ ಜಾರಿ, ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಅವಳು ಮತ್ತೆ ಎದ್ದು ಓಡಾಡುವ ಮಾತನ್ನು ಯಾರೂ ಆಡುತ್ತಿರಲಿಲ್ಲ. ಅವಳ ಬಾಯಲ್ಲಿ ಒಂದೇ ಮಾತು: ಮೊಮ್ಮಗಳನ್ನು ಒಂದು ಸಲ ಕರೆದುಕೊಂಡು ಬಾ. ಯುಗಾದಿ ಕಳೆದ ಮೇಲೆ ಹೊರಟದ್ದೂ ಆಗಿತ್ತು. ಹರಿಹರ ದಾಟಿ ಮಲೇಬೆನ್ನೂರು ಸೇರುವಷ್ಟರಲ್ಲಿ ನೀಲಿ ಬಾಡಿದ ಸೊಪ್ಪಿನಂತೆ ತೊಡೆಯ ಮೇಲೆ ಬಿದ್ದಿತ್ತು. ಶಾಂತಕುಮಾರಿ ಗಾಬರಿಬಿದ್ದು ಅಲ್ಲೇ ಇಳಿದು, ದಾವಣಗೆರೆಗೆ ವಾಪಸು ಬಂದಳು. ವಕೀಲರಾದ ಅಪ್ಪನಿಗೆ ನಿಜ ಹೇಳಲು ನಾಚಿಕೆಯಾಗಿ, ಮಗುವಿಗೆ ಜ್ವರ ಎಂದು ಹೇಳಿಕಳಿಸಿದಳು. ಆಮೇಲೆ ಅಪ್ಪನ ದನಿ ಕೇಳುವ ಧೈರ್ಯವೂ ಅವಳಿಗೆ ಉಳಿಯಲಿಲ್ಲ.

ಇದರ ಮೇಲೆ ಬಸವಣ್ಣೆಮ್ಮನವರ ಮಾತು ಬೇರೆ. ಮಾವನ ಅಕ್ಕ ಅವರು. ಹರಿಹರದಲ್ಲಿ ಮನೆ, ತಮ್ಮನ ಮನೆಯಲ್ಲಿ ಅಧಿಕಾರ. "ನಮ್ಮ ಮನೆತನದಾಗೆ ಯಾರಿಗೂ ಇಂಥದ್ದಿಲ್ಲಮ್ಮ. ನಿಮ್ಮ ಕಡೆ ಯಾರಿಗಾದ್ರೂ ಐತೇನು, ಕೇಳಿ ನೋಡು" ಎಂದು ಅಡಿಕೆ ಕತ್ತರಿಸುತ್ತಲೇ ಹೇಳಿಬಿಡುವರು.

ಮನೆತನ ಎಂದಾಗೆಲ್ಲ ಅವರು ತೋರಿಸುತ್ತಿದ್ದದ್ದು ತಮ್ಮನನ್ನು. ಹತ್ತಿ ಮಂಡಿಯ ಬಕ್ಕೇಶಪ್ಪನವರನ್ನು ಗೊತ್ತಿಲ್ಲದವರು ಆ ಕಾಲದ ದಾವಣಗೆರೆಯಲ್ಲಿ ಕಡಿಮೆ. ಆರಡಿ ಆಳು, ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಕಾಲಲ್ಲಿ ಗಟ್ಟಿ ಮೆಟ್ಟು. ಅವರು ಎಲ್ಲಿಗೆ ಹೋದರೂ ನಡೆದೇ. ಮಂಡಿಗೆ ನಡೆದು, ಮದುವೆಗೆ ನಡೆದು, ಹರಿಹರದ ಅಕ್ಕನ ಮನೆಗೂ ಬೆಳಗಿನ ತಂಪಲ್ಲಿ ಹೊರಟು ನಡೆದೇ. ಜಟಕಾದವರು ಮೊದಮೊದಲು ನಿಲ್ಲಿಸಿ ಕರೆಯುತ್ತಿದ್ದರಂತೆ. ಆಮೇಲೆ ಕೈಮುಗಿದು ಮುಂದೆ ಹೋಗತೊಡಗಿದರು. ಅಷ್ಟು ಹಣ ಇದ್ದೂ ಎಷ್ಟು ಸರಳ ನೋಡ್ರಿ ಎಂದು ಜನ. ಮೂಕ ಪ್ರಾಣಿ ಎಳೆಯುವ ಗಾಡಿಯಲ್ಲಿ ಕೂರಲು ಅವರ ಮನಸ್ಸು ಒಪ್ಪುವುದಿಲ್ಲ ಎಂದು ಇನ್ನಷ್ಟು ಜನ.

ಅವರ ಮದುವೆಯ ಕಥೆಯಂತೂ ಬಸವಣ್ಣೆಮ್ಮನವರ ಬಾಯಲ್ಲಿ ಹಳತಾಗುತ್ತಲೇ ಇರಲಿಲ್ಲ. ಮೆರವಣಿಗೆಗೆ ಸಾರೋಟು ಸಿಂಗರಿಸಿ ನಿಲ್ಲಿಸಿದ್ದರು. ಮದುಮಗ ಒಂದು ಕಾಲು ಮೇಲಿಟ್ಟವನು ಇಳಿದುಬಿಟ್ಟ. ಬಾಸಿಂಗ ಕಟ್ಟಿಕೊಂಡು, ಬರಿಗಾಲಲ್ಲಿ, ಸಾರೋಟಿನ ಮುಂದೆ ಊರೆಲ್ಲ ನಡೆದ. "ಗುರುಗಳ ಮುಂದೆ ವ್ರತ ಹಿಡಿದಿದ್ದ ನನ್ನ ತಮ್ಮ. ಹೆಂಗಸ್ರು ದಾರಿಯಾಗೆ ಅವನ ಪಾದಕ್ಕೆ ನೀರು ಹಾಕಿದ್ರು" ಎಂದು ಹೇಳುವಾಗ ಆ ಮುದುಕಿಯ ಮುಖ ಬೆಳಗುತ್ತಿತ್ತು. ಬಕ್ಕೇಶಪ್ಪನವರು ಪಕ್ಕದಲ್ಲೇ ಇದ್ದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಅದನ್ನೂ ಜನ ವಿನಯ ಅಂದುಕೊಂಡರು.

ಆ ಬೇಸಿಗೆಯಲ್ಲಿ, ಅರವತ್ತೊಂದನೇ ಇಸವಿ ಇರಬೇಕು, ಹೈಸ್ಕೂಲ್ ಮೈದಾನಕ್ಕೆ ಎಕ್ಸಿಬಿಷನ್ ಬಂತು. ಸುತ್ತುವ ಮರದ ಕುದುರೆಗಳು, ಮುಗಿಲಿಗೆ ಏರಿ ಇಳಿಯುವ ದೊಡ್ಡ ತೊಟ್ಟಿಲು. ಹರಿಹರದಿಂದ ಬಂದಿದ್ದ ಬಸವಣ್ಣೆಮ್ಮನವರೂ ಸೇರಿ ಮನೆಯವರೆಲ್ಲ ಒಂದು ಸಂಜೆ ಹೊರಟರು. ಹೊರಡುವ ಮುಂಚೆ ಅತ್ತೆ ಕಸ್ತೂರಮ್ಮನವರು ನೀಲಿಗೆ ತುಪ್ಪ ಹಾಕಿ ಹೋಳಿಗೆ ತಿನ್ನಿಸಿ, ಮೇಲೊಂದು ಲೋಟ ಹಾಲು ಕುಡಿಸಿದರು.

"ಸ್ವಲ್ಪ ಕಡಿಮೆ ಕೊಡಿ ಅತ್ತೆ."

"ಮನೆ ಬಿಟ್ಟು ಹೊಂಟ ಕೂಸನ್ನ ಬರೇ ಹೊಟ್ಟೇಲಿ ಕಳಿಸ್ತಾರೇನು? ನೋಡಿದೋರು ಏನಂದಾರು?"

ಶಾಂತಕುಮಾರಿ ಖಾಲಿ ಲೋಟ ಎತ್ತಿ ಒಳಗಿಟ್ಟಳು. ಮೈದಾನದಲ್ಲಿ ನೀಲಿ ಕೆಂಪು ಕುದುರೆ ಬೇಕೆಂದು ಹಟ ಹಿಡಿಯಿತು. ಹತ್ತಿಸಿದ್ದಾಯಿತು. ಎರಡು ಸುತ್ತಿಗೆ ನಗುತ್ತಿದ್ದ ಮುಖ ಮೂರನೆಯದಕ್ಕೆ ಬಿಳುಚಿತು. ಇಳಿಸಿಕೊಳ್ಳಲು ಕೈ ಚಾಚಿದವರು ಬಸವಣ್ಣೆಮ್ಮನವರೇ. ಹೋಳಿಗೆ, ಹಾಲು ಎಲ್ಲ ಅವರ ಇಳಕಲ್ ಸೀರೆಯ ಮೇಲೇ ಬಂತು.

"ಅಯ್ಯಯ್ಯೋ ನನ್ನ ಸೀರೆ! ಏನ್ ಪೀಚು ರಕ್ತನಮ್ಮ ಇದು!" ಸುತ್ತ ಜನ ನಿಂತಿದ್ದಾರೆಂಬ ಪರಿವೆ ಅವರಿಗಿರಲಿಲ್ಲ. "ಶಾಂತಾ, ಇದು ನಿನ್ನ ಕಡೇದು. ಬರೆದುಕೊಡ್ತೀನಿ ಬೇಕಾದ್ರೆ. ಇಲ್ಲಿ ನೋಡು ನಮ್ಮ ಬಕ್ಕೇಶೀನ, ಕಲ್ಲಿದ್ದಂಗೆ ಅದಾನೆ!"

ಶಾಂತಕುಮಾರಿ ಮಗುವಿನ ಬಾಯಿ ಒರೆಸುತ್ತ ತಲೆ ತಗ್ಗಿಸಿದಳು. ಕಣ್ಣು ತುಂಬಿ ಮಗುವಿನ ಮುಖವೇ ಕಾಣದು.

"ಅಕ್ಕಾ, ಸಾಕು ಮಾಡು." ಬಕ್ಕೇಶಪ್ಪನವರ ದನಿ. "ಆ ರಕ್ತ ನಂದು."

"ಏನಂದಿ?"

"ವಾಂತಿ ಮಾಡೋ ರಕ್ತ ನಂದು. ಸೊಸೆ ಕಡೇದಲ್ಲ. ಸಾರೋಟು ಹತ್ತಿದ್ರೆ ಬೀಗರ ಮುಂದೆ ಬಾಸಿಂಗದ ಸಮೇತ ಕಕ್ಕಿಬಿಡ್ತಿದ್ದೆ. ಅದಕ್ಕ ಇಳಿದು ನಡೆದೆ. ವ್ರತ ಅಂದೋಳು ನೀನು. ನಾನು ಸುಮ್ಮನಿದ್ದೆ."

ಮೊದಲು ಬಾಯಿ ಬಿಟ್ಟವರು ಕಸ್ತೂರಮ್ಮನವರು. "ಹಂಗಾದ್ರೆ ನನ್ನ ಮದುವ್ಯಾಗೆ ಸಾರೋಟಿನಾಗೆ ನಾನೊಬ್ಳೇ ಗೊಂಬೆಯಂಗೆ ಕುಂತಿದ್ದು ಇದಕ್ಕಾ? ಇಷ್ಟು ವರ್ಷ ನನಗೂ ಹೇಳಲಿಲ್ಲಲ್ರೀ!" ಎಂದವರು ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು. ಬಸವಣ್ಣೆಮ್ಮನವರು ನಗಲಿಲ್ಲ. ಸೀರೆಯನ್ನೂ ಒರೆಸಿಕೊಳ್ಳದೆ ತಮ್ಮನನ್ನೇ ನೋಡಿದರು. ಮರುದಿನ ಮೊದಲ ಬಸ್ಸಿಗೇ ಯಾರಿಗೂ ಹೇಳದೆ ಹರಿಹರಕ್ಕೆ ಹೋದರು.

ಆವತ್ತು ಮಧ್ಯಾಹ್ನ ಬಕ್ಕೇಶಪ್ಪನವರು ಊಟ ಮುಗಿಸಿ ಸೊಸೆಯನ್ನು ಕರೆದರು. ಅವರು ಅವಳೊಡನೆ ಎದುರುಬದುರು ಮಾತಾಡಿದ್ದೇ ಕಡಿಮೆ.

"ಶಾಂತವ್ವಾ, ಕೂಸಿನ ತಲೆ ಸರಿಯಾಗೈತೆ. ನನಗೂ ಸಣ್ಣಾಗಿಂದ ಇದೇ. ತಲೆ ಕೆಟ್ಟಿದ್ರೆ ಹತ್ತಿ ಮಂಡಿಯಾಗೆ ಇಷ್ಟು ವರ್ಷ ಬಾಳ್ತಿದ್ನೇನು?"

ಶಾಂತಕುಮಾರಿಗೆ ಅಳು ಬಂತು. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಡಾಕ್ಟರು ಹೇಳಿದಾಗ ಇಳಿಯದ ಹೆದರಿಕೆ ಈ ಮನುಷ್ಯ ಹೇಳಿದಾಗ ಇಳಿಯಿತು. ಯಾಕೆಂದರೆ ಇದನ್ನು ಹೇಳಲು ಇವರು ಜನರ ಮುಂದೆ ಕಳೆದುಕೊಂಡದ್ದು ಏನೆಂದು ಅವಳು ಕಣ್ಣಾರೆ ನೋಡಿದ್ದಳು.

"ಆದ್ರೆ ನಾನು ಗಾಲಿ ಕಂಡ್ರೆ ತಪ್ಪಿಸಿಕೊಂಡೋನು. ನೋಡಬೇಕಾದ ಊರು ನೋಡಲಿಲ್ಲ. ನಮ್ಮವ್ವ ಕೊಟ್ಟೂರಿನಾಗೆ ತೀರಿಕೊಂಡಾಗ ನಡಕಂಡು ಹೋದೆ. ಮುಟ್ಟೋದ್ರಾಗೆ ಮಣ್ಣು ಮಾಡಿದ್ರು." ಅವರು ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನಿಮ್ಮವ್ವ ಕಾಯ್ತಾ ಅದಾರೆ. ಕೂಸಿಗೆ ಇದನ್ನ ಬಿಡಿಸಬೇಕು. ನೀನು ಓದಿದೋಳು. ಇದು ಯಾಕ ಆಗ್ತತೆ, ಹೇಳು."

ಯಾರೂ ಅವಳ ಓದನ್ನು ಹೀಗೆ ಕೇಳಿರಲಿಲ್ಲ. ಅವಳು ಮೇಷ್ಟ್ರು ಹೇಳಿದ್ದನ್ನು ನೆನಪು ಮಾಡಿಕೊಂಡಳು. "ಕಿವಿಯೊಳಗೆ ಒಂಚೂರು ನೀರಿರುತ್ತಂತೆ ಮಾವನೋರೆ. ಮೈ ಅಲುಗಾಡಿದ್ರೆ ಅದೂ ಅಲುಗಾಡತ್ತೆ. ನಾವೋ ಕಣ್ಣು ಮುಚ್ಚಿರ್ತೀವಿ, ಇಲ್ಲಾ ಮಡಿಲು ನೋಡ್ತಿರ್ತೀವಿ. ಕಿವಿ ಓಡ್ತಿದೀವಿ ಅನ್ನತ್ತೆ, ಕಣ್ಣು ಕೂತಿದೀವಿ ಅನ್ನತ್ತೆ. ಇಬ್ಬರ ಜಗಳದಲ್ಲಿ ಹೊಟ್ಟೆಗೆ ಏಟು."

"ಹಂಗಾದ್ರೆ ಕಣ್ಣಿಗೂ ಓಡೋದನ್ನ ತೋರಿಸಬೇಕು" ಎಂದರು ಬಕ್ಕೇಶಪ್ಪನವರು, ಮಂಡಿಯಲ್ಲಿ ವ್ಯಾಪಾರ ಕುದುರಿಸಿದವರ ಹಾಗೆ. "ನಾನು ಸಣ್ಣಾಗಿದ್ದಾಗ ಗಾಡಿಯಾಗೆ ಕಣ್ಣು ಬಿಗಿ ಮುಚ್ಚಿಕೊಂಡೇ ಕೂರ್ತಿದ್ದೆನಲ್ಲವ್ವ!"

ಎಕ್ಸಿಬಿಷನ್ನಿನ ತೊಟ್ಟಿಲು ಖಾಜಾ ಹುಸೇನ್ ಎಂಬುವನದು. ಬೆಳಿಗ್ಗೆ ಮೈದಾನ ಖಾಲಿ ಇರುವಾಗ ಅಜ್ಜ, ಮೊಮ್ಮಗಳು, ಜೊತೆಗೆ ಶಾಂತಕುಮಾರಿ ಬಂದು ನಿಂತರೆ ಅವನಿಗೆ ನಂಬಿಕೆಯೇ ಬರಲಿಲ್ಲ.

"ಸಾವ್ಕಾರ್ರೆ, ನೀವಾ? ತೊಟ್ಲಾಗೆ?"

"ನಾನೇ. ಮೆಲ್ಲಗೆ ತಿರುಗಿಸು. ಕೈ ಎತ್ತಿದ್ರೆ ನಿಲ್ಲಿಸಿಬಿಡು, ಮಾರಾಯ."

ಮೊದಲ ದಿನ ಬಕ್ಕೇಶಪ್ಪನವರೇ ಕೈ ಎತ್ತಿದರು. ಇಳಿದವರು ಡೇರೆಯ ಹಿಂದೆ ಹೋಗಿ, ಬಹಳ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದರು. ನೀಲಿಗೆ ಆ ದಿನ ಏನೂ ಆಗಿರಲಿಲ್ಲ. ಅಜ್ಜನಿಗೂ ವಾಂತಿಯಾಗುತ್ತದೆ ಎಂಬುದೇ ಅದಕ್ಕೆ ದೊಡ್ಡ ಔಷಧಿಯಾಗಿತ್ತು. ಮನೆಗೆ ಬಂದು ಎಲ್ಲರಿಗೂ ಹೇಳಿದ್ದೇ ಹೇಳಿದ್ದು.

ಆಮೇಲೆ ದಿನಾ ಒಂದೊಂದು ಕಲಿತರು. ಹೊಟ್ಟೆ ತುಂಬಿರಬಾರದು, ಪೂರ್ತಿ ಖಾಲಿಯೂ ಇರಬಾರದು. ಒಂದು ಹಿಡಿ ಒಣ ಮಂಡಕ್ಕಿ ತಿಂದರೆ ಸಾಕು. ಹಾಲು, ತುಪ್ಪ, ಮೆಣಸಿನಕಾಯಿ ಬೇಡ. ಇದಕ್ಕೆ ಮಾತ್ರ ಕಸ್ತೂರಮ್ಮನವರು ಮೂರು ದಿನ ಮುನಿಸಿಕೊಂಡರು. ಉಪ್ಪು ಹಚ್ಚಿದ ಶುಂಠಿ ಚೂರು ದವಡೆಯಲ್ಲಿರಲಿ. ಕಣ್ಣು ಮುಚ್ಚಬಾರದು, ಕೆಳಗೆ ನೋಡಬಾರದು. ಮೇಲೇರುವಾಗಲೂ ಇಳಿಯುವಾಗಲೂ ದೂರದ ಹತ್ತಿ ಗಿರಣಿಯ ಚಿಮಣಿಯ ಮೇಲೇ ಕಣ್ಣಿರಬೇಕು. ಅದು ಅಲುಗಾಡುವುದಿಲ್ಲ. ತಲೆಯನ್ನು ಹಿಂದಕ್ಕೆ ಆನಿಸಿ, ಮುಖಕ್ಕೆ ಗಾಳಿ ಬಿಟ್ಟುಕೊಂಡು, ನಿಧಾನ ಉಸಿರಾಡಬೇಕು. ಹೊಟ್ಟೆ ತೊಳೆಸಿದಂತಾದರೆ ಬಿಗುಮಾನ ಬಿಟ್ಟು ಕೈ ಎತ್ತಬೇಕು.

"ಅಜ್ಜ, ಕೆಳಗೆ ನೋಡಬ್ಯಾಡ ಅಂದ್ರೆ ನೋಡ್ತೀಯಲ್ಲ!" ಮೇಲಿನಿಂದ ನೀಲಿಯ ಗದರಿಕೆ ಕೇಳುತ್ತಿತ್ತು.

"ನನ್ನ ಮೆಟ್ಟು ಬಿತ್ತವ್ವ, ಅದಕ್ಕ ನೋಡಿದೆ!"

ಕೆಳಗೆ ನಿಂತ ಶಾಂತಕುಮಾರಿ ಮದುವೆಯಾಗಿ ಬಂದ ಮೇಲೆ ಅಷ್ಟು ನಕ್ಕಿರಲಿಲ್ಲ. ಬೇಲಿಯ ಆಚೆ ಜನ ಸೇರಿ ನೋಡುತ್ತಿದ್ದರು. ವ್ರತಸ್ಥ ಬಕ್ಕೇಶಪ್ಪ ತೊಟ್ಟಿಲಾಡುತ್ತಾನೆಂದು ಪೇಟೆಯಲ್ಲಿ ಗೇಲಿಯೂ ಹುಟ್ಟಿತು. ಅದೆಲ್ಲ ಅವರ ಕಿವಿಗೆ ಬೀಳದೆ ಇರಲಿಲ್ಲ. ಆದರೂ ಬೆಳಗಾದರೆ ಮೊಮ್ಮಗಳ ಕೈ ಹಿಡಿದು ಹೊರಡುತ್ತಿದ್ದರು. ಆ ಬೆನ್ನನ್ನು ನೋಡುವಾಗ ಶಾಂತಕುಮಾರಿಗೆ, ದೇವರೇ ಇವರನ್ನು ಚೆನ್ನಾಗಿಡು ಎನ್ನುವುದು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ.

ಎಕ್ಸಿಬಿಷನ್ ಡೇರೆ ಕಿತ್ತ ವಾರ ಬಕ್ಕೇಶಪ್ಪನವರು, "ಹರಿಹರದ ಮಟ ಬಸ್ಸಿನಾಗೆ ನೋಡೋಣ. ಅಲ್ಲಿಮಟ ಸರಿಹೋದ್ರೆ ಮುಂದಿಂದು ಅಲ್ಲೇ ನಿಶ್ಚಯ" ಎಂದರು. ಗಂಡ ಕರಿಬಸವರಾಜ ಮಂಡಿ ಬಿಟ್ಟು ಬರುವಂತಿರಲಿಲ್ಲ. ಮೂವರೇ ಹೊರಟರು. ಡ್ರೈವರಿನ ಹಿಂದಿನ ಸೀಟು, ಕಿಟಕಿ ಪಕ್ಕ ನೀಲಿ. ಕಂಡಕ್ಟರ್ ನಬೀ ಸಾಬ್ ಟಿಕೆಟ್ ಹರಿಯುವ ಕೈ ಹಾಗೇ ನಿಲ್ಲಿಸಿ, "ಸಾವ್ಕಾರ್ರೆ, ವ್ರತ ಮುಗೀತೇನ್ರಿ?" ಎಂದ.

"ಮುಗೀತಪ್ಪ. ಮೆಲ್ಲಗೆ ಹೋಗಾಕ ಹೇಳು ನಿಮ್ಮ ಡ್ರೈವರಿಗೆ."

ಬಸ್ಸು ಹೊರಟಿತು. ನೀಲಿ ದಾರಿಯ ತುದಿಯನ್ನೇ ನೋಡುತ್ತ, ಮುಂದೆ ಬರುವ ಲಾರಿ, ಎತ್ತಿನ ಗಾಡಿಗಳನ್ನು ಹೆಸರು ಹೇಳಿ ಕೂಗುತ್ತ ಕೂತಿತ್ತು. ಶಾಂತಕುಮಾರಿ ಕ್ಷಣಕ್ಕೊಮ್ಮೆ ಅದರ ಮುಖ ನೋಡುವಳು. ಬಿಳುಚಿದೆಯೇ? ಇಲ್ಲ. ಬೆವರು? ಇಲ್ಲ. ಬೆವರುತ್ತಿದ್ದವರು ಬಕ್ಕೇಶಪ್ಪನವರು. ಊರು ಹತ್ತಿರ ಬಂದಂತೆ ಅವರ ಕೈ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಆದರೆ ಕಣ್ಣು ಮುಚ್ಚಲಿಲ್ಲ. ಹರಿಹರದಲ್ಲಿ ಇಳಿದಾಗ ಮೂವರ ಬಟ್ಟೆಯೂ ಚೊಕ್ಕವಾಗಿಯೇ ಇತ್ತು. ಶಾಂತಕುಮಾರಿ ರಸ್ತೆಯಲ್ಲೇ ಮಗುವನ್ನು ಅಪ್ಪಿಕೊಂಡಳು.

ಬಸವಣ್ಣೆಮ್ಮನವರು ಬಾಗಿಲಲ್ಲೇ ಕೂತಿದ್ದರು. ಬಾ ಎನ್ನಲಿಲ್ಲ.

"ಊರ ತುಂಬ ಹೇಳಿಕೊಂಡು ತಿರುಗಿದೆನಲ್ಲೋ ಬಕ್ಕೇಶಿ. ನನ್ನ ಬಾಯಾಗೆ ಅಷ್ಟು ವರ್ಷ ಸುಳ್ಳು ಆಡಿಸಿದಿ."

"ನೀನು ಹೇಳುವಾಗ ನಿನ್ನ ಮುಖ ನೋಡಾಕ ಚೆಂದಿತ್ತಕ್ಕಾ. ಅದಕ್ಕ ಬಾಯಿ ಬರಲಿಲ್ಲ. ಆದ್ರೆ ಆ ಸುಳ್ಳಿನ ಭಾರ ಈ ಹುಡುಗಿ ಮ್ಯಾಲೆ ಬಿತ್ತು. ಅದು ನೋಡಾಕ ಆಗಲಿಲ್ಲ."

ಮುದುಕಿ ಶಾಂತಕುಮಾರಿಯನ್ನು ಮೇಲಿಂದ ಕೆಳಗೆ ನೋಡಿದರು. ನೀಲಿಯ ಲಂಗ ಮುಟ್ಟಿ ನೋಡಿದರು, ಒಣಗಿದೆಯೇ ಎಂದು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಒಳಗ ಬರ್ರಿ, ಬಿಸಿಲಾಗೆ ಯಾಕ ನಿಂತ್ರಿ. ಶಾಂತಾ, ಇವರಿಗೆ ಹಾಲು ಕೊಡ್ಲೋ ಬ್ಯಾಡ್ವೋ, ನೀನೇ ಹೇಳಮ್ಮ. ನನಗೇನು ತಿಳೀತದೆ."

"ಮಜ್ಜಿಗೆ ಸಾಕು ಅತ್ತೆ" ಎಂದಳು ಶಾಂತಕುಮಾರಿ.

ಪಕ್ಕದಲ್ಲೇ ಕರೀಂ ಸಾಬರ ಕಟ್ಟಿಗೆ ಡಿಪೋ. ಅಲ್ಲಿ ಫೋನಿತ್ತು. ಶಾಂತಕುಮಾರಿ ತಾನೇ ಹೋಗಿ ಕೇಳಿದಳು. ಶಿವಮೊಗ್ಗೆಗೆ ಟ್ರಂಕ್ ಕಾಲ್ ಬುಕ್ ಮಾಡಿ, ಕರೀಂ ಸಾಬರು ಹಾಕಿಕೊಟ್ಟ ಕುರ್ಚಿಯ ತುದಿಯಲ್ಲಿ ಕಾದಳು. ಅಪ್ಪನಿಗೆ ಏನೆಂದು ಹೇಳಲಿ ಎಂದು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಫೋನಿನ ಗಂಟೆ ಹೊಡೆಯಿತು.

"ಹಲೋ, ಅಪ್ಪಾ? ನಾನು ಶಾಂತಾ. ಹರಿಹರದಿಂದ... ಯಾರಿಗೂ ಏನೂ ಆಗಿಲ್ಲಪ್ಪ. ಕೇಳಿಸ್ತಿದೆಯಾ? ಆವತ್ತು ನೀಲಿಗೆ ಜ್ವರ ಬಂದಿರಲಿಲ್ಲ. ಬಸ್ಸಲ್ಲಿ ವಾಂತಿ ಮಾಡ್ಕೊಳ್ತಿದ್ಲು. ನಾನು ಹೆದರಿ ವಾಪಸ್ ಹೋದೆ. ಸುಳ್ಳು ಹೇಳಿದೆ."

ತಂತಿಯಲ್ಲಿ ಗರಗರ ಸದ್ದು. ಆಮೇಲೆ ಅಪ್ಪ ಮೆತ್ತಗೆ, "ಅಷ್ಟೇನಾ ಮಗೂ? ನಾವು ಏನೇನೋ ಅಂದ್ಕೊಂಡಿದ್ವಲ್ಲೇ" ಎಂದ. ಒಳಕೋಣೆಯಿಂದ ಅಮ್ಮನ ದನಿ ತೆಳ್ಳಗೆ ಕೇಳಿಸಿತು: ಯಾರದು, ಶಾಂತಾನಾ, ಏನಂತೆ?

"ನಾಳೆ ಬೆಳಗಿನ ಬಸ್ಸಿಗೆ ಬರ್ತಿದೀವಿ ಅಂತ ಅಮ್ಮನಿಗೆ ಹೇಳಪ್ಪ."

ಅಪ್ಪ ಒಳಕ್ಕೆ ಕೂಗಿ ಹೇಳಿದ. ಅಮ್ಮ ಅಲ್ಲಿಂದಲೇ ಏನೋ ಕೇಳಿದಳು.

"ಯಾರ್ಯಾರು ಬರ್ತೀರಿ ಅಂತಾಳೆ ನಿಮ್ಮಮ್ಮ."

ಶಾಂತಕುಮಾರಿ ಬಾಗಿಲಾಚೆ ನೋಡಿದಳು. ಮರದ ದಿಮ್ಮಿಯೊಂದರ ಮೇಲೆ ಬಕ್ಕೇಶಪ್ಪನವರು ರುಮಾಲು ತೆಗೆದಿಟ್ಟು ಸುಧಾರಿಸಿಕೊಳ್ಳುತ್ತಿದ್ದರು. ನೀಲಿ ಅವರಿಗೆ ಲಂಗದ ಅಂಚಿನಿಂದಲೇ ಗಾಳಿ ಹಾಕುತ್ತಿತ್ತು.

"ನಾನು, ನೀಲಿ, ಮತ್ತೆ ನಮ್ಮ ಮಾವನೋರು" ಎಂದಳು. "ಹೌದಪ್ಪ, ಅವರೂ ಬಸ್ಸಲ್ಲೇ. ನಮಗೋಸ್ಕರ."