ಕಸಿಯ ಕೆಳಗಿನ ಚಿಗುರು

ಹರಿಹರದ ಮನೆಯ ಹಿತ್ತಿಲಿನ ಹೇರಳೆ ಮರ ಕಡಿಸುವುದು ನಿಶ್ಚಯವಾದ ದಿನ ಅಕ್ಕ ನನಗೆ ಫೋನು ಮಾಡಿದಳು. ಕ್ಯಾನ್ಸರ್ ಬಂದ ಮೇಲೆ ಅವಳಿಗೆ ಮಹಡಿ ಹತ್ತಲು ಆಗುತ್ತಿರಲಿಲ್ಲ. ಕೆಳಗೇ ಒಂದು ಬಚ್ಚಲು ಕಟ್ಟಿಸಬೇಕಿತ್ತು. ಮರ ನಿಂತ ಜಾಗ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅವಳ ಮದುವೆಯ ವರ್ಷ ಅವ್ವ ನಮ್ಮೂರು ಲೋಕಿಕೆರೆಯಿಂದ ತಂದು ನೆಟ್ಟ ಮರ ಅದು. ಲೋಕಿಕೆರೆಯ ಮೂಲಮರ ಎಂದೋ ಒಣಗಿ ಹೋಗಿತ್ತು.

"ಗಾರೆಯವರು ಸೋಮವಾರ ಬರ್ತಾರಂತೆ. ಅಷ್ಟರೊಳಗ ಬಂದು ಕಡ್ಡಿ ಕುಯ್ಕೊಂಡು ಹೋಗು. ಅದೊಂದು ಉಳೀಲಿ," ಎಂದಳು.

ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯ ಹಿಂದೆ ಇರುವುದು ಒಂದು ಸೀರೆ ಹಾಸುವಷ್ಟು ನೆಲ. ಅಲ್ಲಿ ಮೋಸಂಬಿ, ಕಿತ್ತಳೆ, ಚಕ್ಕೋತ ಬೆಳೆಸಿದ್ದೇನೆ. ಎಲ್ಲವೂ ಕಾಡುನಿಂಬೆಯ ಸಸಿಗೆ ನಾನೇ ಕಸಿ ಕಟ್ಟಿದವು. ಕಲಿಸಿದ್ದು ಶಾಮನೂರಿನ ಕಡೆ ಸಸಿ ಮಾರುವ ಒಬ್ಬ ಅಜ್ಜ. ಎಲೆಯ ಬುಡದ ಪುಟ್ಟ ಮೊಗ್ಗಿಗೆ ಅವರು ಕಣ್ಣು ಎನ್ನುತ್ತಾರೆ. ಅದನ್ನು ಸಿಪ್ಪೆ ಸಮೇತ ಎಬ್ಬಿಸಿ, ಸಸಿಯ ತೊಗಟೆ ಸೀಳಿ ಒಳಗೆ ಕೂರಿಸಿ, ಕಣ್ಣು ಮಾತ್ರ ಹೊರಗೆ ಕಾಣುವಂತೆ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಮೊದಲ ದಿನವೇ ಅವರು ಎಚ್ಚರಿಸಿದ್ದರು: "ಪಟ್ಟಿ ಕೆಳಗೆ ಕಾಡುನಿಂಬೆ ಚಿಗುರಿದ್ರೆ ಕನಿಕರ ತೋರಿಸ್‌ಬ್ಯಾಡ್ರಿ ಅಕ್ಕಾರೆ. ಉಗುರಲ್ಲೇ ಚಿವುಟಿ ಒಗೀರಿ. ಬಿಟ್ರೆ ಮೇಲಿನ ಕಣ್ಣು ಖಲಾಸ್."

ಹರಿಹರದಿಂದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದೆ. ಕುಂಡದಲ್ಲಿದ್ದ ಮೂರು ಕಾಡುನಿಂಬೆ ಸಸಿಗೆ ಕಟ್ಟಿದೆ. ಎರಡು ಕಪ್ಪಗಾದವು. ಒಂದು ಹತ್ತಿತು. ಆ ಹೊತ್ತಿಗೆ ಮರ ಹೋಗಿ, ಬುಡದ ಮೇಲೆ ಕಾಂಕ್ರೀಟೂ ಬಿದ್ದಿತ್ತು.

ಕೀಮೋಗೆ ದಾವಣಗೆರೆಗೇ ಬರಬೇಕಾದ್ದರಿಂದ ಅಕ್ಕ ನಮ್ಮ ಮನೆಯಲ್ಲೇ ಉಳಿದಳು. ಮುಂದಿನ ಕೋಣೆಯಲ್ಲಿ ಮಂಚ ಹಾಕಿಕೊಟ್ಟೆ. ಗಂಜಿ ಬಟ್ಟಲು ಹಿಡಿದು ಹೋದಾಗಲೆಲ್ಲ ಮೊದಲು ಗಿಡವನ್ನು ವಿಚಾರಿಸುತ್ತಿದ್ದಳು. ಎರಡೆಲೆ ಬಿಟ್ಟಿದೆ ಎಂದೆ. ನಿಜವೇ ಆಗಿತ್ತು. ಆ ವಾರವೇ ಪಟ್ಟಿಯ ಕೆಳಗಿನಿಂದ ಕಾಡುನಿಂಬೆಯ ಚಿಗುರೂ ಹೊರಟಿತು.

ನಾನು ಅದನ್ನು ಚಿವುಟಲಿಲ್ಲ. ಮನೆಯಲ್ಲಿ ರೋಗಿ ಮಲಗಿರುವಾಗ ಎಳೆ ಚಿಗುರಿಗೆ ಉಗುರು ಹಚ್ಚಬಾರದು ಎನ್ನುವುದು ಅವ್ವನ ಕಟ್ಟಳೆ. ನಂಬುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆನೇನೋ. ಆದರೆ ಬೆಳಿಗ್ಗೆ ಅಕ್ಕನ ತಲೆದಿಂಬಿನ ಕೂದಲು ಬಳಿದು ತೆಗೆದ ಕೈ ಅದೇ. ಗಿಡದ ಹತ್ತಿರ ಹೋಗಿ ಬೆರಳು ಚಾಚಿ ಹಿಂದಕ್ಕೆ ತೆಗೆಯುತ್ತಿದ್ದೆ. ಈ ಸಲದ ರಿಪೋರ್ಟು ಚೆನ್ನಾಗಿ ಬರಲಿ, ಆಮೇಲೆ ಚಿವುಟೋಣ ಅಂದುಕೊಂಡೆ. ರಿಪೋರ್ಟು ಚೆನ್ನಾಗಿ ಬರಲಿಲ್ಲ. ಕಾಡುನಿಂಬೆ ಮಾತ್ರ ಮೊಣಕಾಲೆತ್ತರ ಬೆಳೆಯಿತು. ಮೇಲಿನ ಎರಡೆಲೆ ಹಳದಿಯಾಗಿ ಉದುರಿದವು. ಅಕ್ಕ ಕೇಳಿದಾಗ ಮಾತ್ರ, ಚೆನ್ನಾಗಿದೆ ಎನ್ನುತ್ತಲೇ ಬಂದೆ.

ಒಂದು ಮಧ್ಯಾಹ್ನ ನಾನು ಪಾತ್ರೆ ತಿಕ್ಕುತ್ತಿದ್ದೆ. ಅಕ್ಕ ಗೋಡೆ ಹಿಡಿದುಕೊಂಡು ಹಿತ್ತಿಲಿಗೇ ಬಂದುಬಿಟ್ಟಳು. ತಡೆಯುವಷ್ಟರಲ್ಲಿ ಕುಂಡದ ಹತ್ತಿರ ಬಾಗಿ ಒಂದೆಲೆ ಕಿತ್ತು, ಹಿಸುಕಿ ಮೂಸಿದಳು. ಬೆರಳಿಗೆ ಮುಳ್ಳು ತಾಗಿತ್ತು.

"ಇದು ಅವ್ವಂದಲ್ಲ," ಎಂದಳು.

ಬಚ್ಚಿಡಲು ಏನೂ ಉಳಿದಿರಲಿಲ್ಲ. ಯಾಕೆ ಚಿವುಟಲಿಲ್ಲ ಎನ್ನುವುದನ್ನೂ ಹೇಳಿದೆ. ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಉಸಿರು ಸುಧಾರಿಸಿಕೊಂಡಳು.

"ಅವ್ವ ಮಲಗಿದ್ದಾಗ್ಲೂ ನೀನು ಹಿಂಗ ಮಾಡ್ದೆ. ತಿಂಗಳುಗಟ್ಲೆ ಕರಿಬೇವು ಇಲ್ದ ಒಗ್ಗರಣೆ ಹಾಕ್ದೆ. ಅವ್ವ ಉಳಿದ್ಲೇನೆ?"

ನಾನು ಕುಂಡದ ಮುಂದೆ ಕೂತು ಪಟ್ಟಿಯ ಗಂಟು ಹುಡುಕಿದೆ.

"ನನ್ನ ನೆಪ ಹೇಳಿ ಅದನ್ನ ಕೊಂದೆ," ಎಂದಳು. ಬೈಗುಳದ ದನಿಯಲ್ಲ, ಹಾಲು ಉಕ್ಕಿಹೋಯಿತು ಎನ್ನುವಾಗಿನ ದನಿ. ಆಮೇಲೆ ಹರಿಹರದ ಬಚ್ಚಲಿನ ಕಡೆ ಏನಾದರೂ ಬೇರು ಉಳಿದಿರಬಹುದೇ ಎಂದು ಕೇಳಿದಳು. ಇಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಪಟ್ಟಿ ಬಿಚ್ಚಿದೆ. ಕೂರಿಸಿದ್ದ ಕಣ್ಣು ಒಣಗಿ, ಉಗುರು ತಾಗಿದೊಡನೆ ಸಿಪ್ಪೆಯಂತೆ ಕಳಚಿ ಬಿತ್ತು.

"ಈಗ ಚಿವುಟು. ನಾನು ಇಲ್ಲೇ ಕುಂತಿರ್ತೀನಿ. ನನಗೇನಾಗ್ತೈತೋ ನೋಡೇ ಬಿಡಾಣ."

ಕಾಡುನಿಂಬೆಯ ಚಿಗುರು ಅಷ್ಟರಲ್ಲಿ ಪೆನ್ಸಿಲ್ಲಿನಷ್ಟು ದಪ್ಪ ಬಲಿತಿತ್ತು. ಉಗುರಿಗೆ ಬಗ್ಗಲಿಲ್ಲ. ಅಕ್ಕ ಬಿಸಿಲಿನಲ್ಲೇ ಕೂತಿದ್ದಳು. ನಾನು ಕೈ ಒರೆಸಿಕೊಂಡು ಕತ್ತರಿ ತರಲು ಒಳಗೆ ಹೋದೆ.