ಜೋಡಿಯವಳು ವಿರೋಧವಾಗಿ ಮಾತಾಡಿದ ದಿನ

ಮೊನ್ನೆ ಮೊಮ್ಮಗಳಿಗೆ ಗಂಟಲು ಕಟ್ಟಿತ್ತು. ಗ್ರಂಧಿಗೆ ಅಂಗಡಿಯಿಂದ ಜೇಷ್ಠಮಧು ತರಿಸಿ ಕುಟ್ಟಾಣಿಯಲ್ಲಿ ಜಜ್ಜಿದೆ. ಸಿಹಿ ಬೆರೆತ ಒಣಬೇರಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕುಟ್ಟುವುದನ್ನು ಬಿಟ್ಟು ಹಾಗೇ ಕೂತುಬಿಟ್ಟೆ.

"ಏನಜ್ಜಿ, ನಿಂಗೂ ಗಂಟಲು ಕಟ್ತಾ?" ಅಂದಳು ಮೊಮ್ಮಗಳು.

ಒಂದು ಚೂರು ಬೇರು ನನ್ನ ಬಾಯಿಗೂ ಹಾಕಿಕೊಂಡೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹಾಸನದಲ್ಲಿ ಬಿ.ಎ. ಓದುತ್ತಿದ್ದೆ. ಹುಡುಗಿಯರ ಹಾಸ್ಟೆಲ್ ಅಂತ ಕರೆಯುತ್ತಿದ್ದುದು ಒಂದು ಹಳೇ ಬಾಡಿಗೆ ಮನೆಯನ್ನು. ಅಲ್ಲಿ ನನ್ನ ಕೋಣೆಯಲ್ಲಿದ್ದವಳು ರಾಮನಾಥಪುರದ ಕಡೆಯವಳು, ಹೊಗೆಸೊಪ್ಪು ಬೆಳೆಯುವ ಮನೆಯ ಮಗಳು. ನಮ್ಮದು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ. ಅವಳ ಟ್ರಂಕು ತೆಗೆದರೆ ಹೊಗೆಸೊಪ್ಪಿನ ಘಾಟು, ನನ್ನ ಟ್ರಂಕು ತೆಗೆದರೆ ಕೊಬ್ಬರಿ ಎಣ್ಣೆ.

"ನಿನ್ ಸೀರೆ ಹಿಂಡುದ್ರೆ ಒಗ್ಗರಣೆಗಾಯ್ತದೆ ಕಣೇ" ಅನ್ನುತ್ತಿದ್ದಳು ಅವಳು.

"ನಿಂದನ್ನ ಮಡಚಿ ಎಲೆ ಅಡಿಕೆ ಜೊತೆ ಹಾಕ್ಕೋಬೋದು" ಅನ್ನುತ್ತಿದ್ದೆ ನಾನು.

ಚರ್ಚಾಸ್ಪರ್ಧೆಗಳಿಗೆ ಆಗ ಒಂದು ಕಾಲೇಜಿನಿಂದ ಇಬ್ಬರನ್ನು ಕಳಿಸುತ್ತಿದ್ದರು. ಒಬ್ಬರು ವಿಷಯದ ಪರವಾಗಿ, ಇನ್ನೊಬ್ಬರು ವಿರೋಧವಾಗಿ. ಇಬ್ಬರ ಅಂಕ ಕೂಡಿಸಿ ಷೀಲ್ಡು ಕೊಡುವುದು. ಹಾಗಾಗಿ ಕಾಲೇಜಿನವರೆಲ್ಲ ನಮ್ಮಿಬ್ಬರನ್ನು ಜೋಡಿ ಅನ್ನುತ್ತಿದ್ದರು. ಯಾರು ಯಾವ ಕಡೆ ಅನ್ನುವುದು ಸ್ಪರ್ಧೆಯ ದಿನ ಬೆಳಿಗ್ಗೆ ಚೀಟಿ ಎತ್ತಿದ ಮೇಲೆಯೇ ಗೊತ್ತಾಗುವುದು, ಆದ್ದರಿಂದ ಇಬ್ಬರೂ ಎರಡೂ ಕಡೆ ಕಲಿತಿರಬೇಕಿತ್ತು. ಬೆಳಿಗ್ಗೆ ಎದ್ದು ಬಚ್ಚಲೊಲೆಯ ಮುಂದೆ ಕೂತು, ದನಿ ಒಡೆಯದಿರಲಿ ಅಂತ ಬಾಯಲ್ಲಿ ಜೇಷ್ಠಮಧು ಇಟ್ಟುಕೊಂಡು, ದೇವರಿದ್ದಾನೆ ಅಂತ ಸ್ವಲ್ಪ ಹೊತ್ತು, ಇಲ್ಲ ಅಂತ ಸ್ವಲ್ಪ ಹೊತ್ತು ವಾದ ಮಾಡುತ್ತಿದ್ದೆವು. ನೀರೊಲೆಗೆ ಸೌದೆ ಹಾಕಲು ಬಂದ ಅಡುಗೆಯಮ್ಮ ಸಿಡುಕುತ್ತಿದ್ದರು: "ಅವ್ನೆ ಅಂತಲೋ ಇಲ್ಲ ಅಂತಲೋ ಏನಾರ ಒಂದ್ ಹೇಳ್ರವ್ವಾ, ನಾನ್ ದೀಪ ಅಚ್ಬೇಕು!"

ಅವಳಿಗೆ ಮಾತು ಬಂದದ್ದು ಅವಳಪ್ಪನಿಂದ. ಅವರು ಊರಿನಲ್ಲಿ ನ್ಯಾಯ ಹೇಳುವ ಯಜಮಾನರು. ಗಡಿ ಒತ್ತುವರಿ, ಅಣ್ಣತಮ್ಮಂದಿರ ಪಾಲು, ಸೊಸೆ ಮುನಿಸು, ಎಲ್ಲ ಅವರ ಮನೆಯ ಜಗಲಿ ಮೇಲೇ ತೀರ್ಮಾನವಾಗುತ್ತಿತ್ತು. ಇವಳು ಚಿಕ್ಕವಳಿದ್ದಾಗಿನಿಂದ ಬಾಗಿಲ ಹಿಂದೆ ಕೂತು ಕೇಳಿ ಕೇಳಿ, ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಸುಮ್ಮನಾಗಬೇಕು ಎಂಬುದನ್ನೆಲ್ಲ ಕಲಿತಿದ್ದಳು. ಆದರೆ ಅಪ್ಪನ ಎದುರು ಮಾತ್ರ ಊಟಕ್ಕೆ ಏಳಪ್ಪ ಅನ್ನುವುದರಾಚೆ ಬಾಯಿ ಬಿಟ್ಟವಳಲ್ಲ. ಮಗಳಿಗೆ ಮಾತು ಬರುತ್ತದೆ ಎಂಬುದೇ ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ಅವಳಿಗೆ ಲಾ ಓದುವ ಆಸೆ. ಆ ವರ್ಷ ದಸರಾ ರಜೆಗೆ ಹೋದಾಗ ಅಪ್ಪ ಅರಕಲಗೂಡಿನ ಕಡೆ ಒಂದು ಗಂಡು ನೋಡಿದ್ದರು. ಓದಿದ್ದು ಸಾಕು, ಯುಗಾದಿ ಕಳೆದ ಮೇಲೆ ಮದುವೆ ಅಂದಿದ್ದರು. ಇವಳು ಅಳಲಿಲ್ಲ, ಜಗಳವಾಡಲಿಲ್ಲ. ನಮ್ಮ ಕಾಲೇಜಿನಲ್ಲೇ ದೊಡ್ಡ ಸ್ಪರ್ಧೆ ನಡೆಯುವುದು ಗೊತ್ತಾದಾಗ, ಒಂದು ಸಲ ಬಂದು ಕೇಳಪ್ಪ ಅಂತ ಊರಿಗೆ ಹೇಳಿಕಳಿಸಿದಳು.

"ಅಪ್ಪ ಒಂದ್ಸಲ ಕೇಳ್ಬುಟ್ರೆ ಸಾಕು ಕಣೇ. ಆಮ್ಯಾಕೆ ಅವ್ನೇ ಕರ್ಕೊಂಡೋಗಿ ಲಾ ಕಾಲೇಜಿಗೆ ಸೇರುಸ್ತಾನೆ."

ವಿಷಯ ಏನು ಗೊತ್ತೇ? ಹೆಣ್ಣುಮಕ್ಕಳಿಗೆ ಕಾಲೇಜು ಓದು ಬೇಕು ಅಂತ. ಇವಳ ಕುಣಿದಾಟ ನೋಡಬೇಕಿತ್ತು.

ಆ ಬೆಳಿಗ್ಗೆ ಚೀಟಿ ಎತ್ತಿದೆವು. ನನಗೆ ಪರ ಬಂತು. ಅವಳಿಗೆ ವಿರೋಧ.

ಅದಲು ಬದಲು ಮಾಡಿಕೊಡಿ ಅಂತ ಸ್ಪರ್ಧೆ ನೋಡಿಕೊಳ್ಳುತ್ತಿದ್ದ ಮೇಷ್ಟ್ರ ಹತ್ತಿರ ಓಡಿದೆವು. "ಹೆಸರು ತೀರ್ಪುಗಾರರಿಗೆ ಕೊಟ್ಟಾಯ್ತಲ್ರಮ್ಮ. ಯಾವ ಕಡೆ ಆದ್ರೇನು, ಅವಳು ಚೆನ್ನಾಗೇ ಮಾತಾಡ್ತಾಳೆ" ಅಂದುಬಿಟ್ಟರು. ಅವಳೇ ನನ್ನನ್ನು ಸಮಾಧಾನ ಮಾಡಿದಳು.

"ಓಗ್ಲಿ ಬುಡೇ. ಅಪ್ಪ ನೋಡಾದು ನಾನು ಎಂಗ್ ಮಾತಾಡ್ತೀನಿ ಅಂತ. ಏನ್ ಮಾತಾಡ್ತೀನಿ ಅಂತಲ್ಲ."

ಮಧ್ಯಾಹ್ನ ಸಭಾಂಗಣ ತುಂಬಿಹೋಗಿತ್ತು. ಮೈಸೂರು, ಮಂಡ್ಯ, ತುಮಕೂರಿನ ಹುಡುಗರೆಲ್ಲ ಬಂದಿದ್ದರು. ಹಿಂದಿನ ಸಾಲಿನವರು ಹುಡುಗಿ ಮೈಕಿನ ಮುಂದೆ ನಿಂತರೆ ಸಾಕು, ಬೆಂಚು ಬಡಿಯುವುದು, ಕಾಗದದ ಬಾಣ ಬಿಡುವುದು. ಅವಳಪ್ಪ ಎರಡನೇ ಸಾಲಿನ ಕೊನೆಯಲ್ಲಿ, ರುಮಾಲು ಸುತ್ತಿ, ಕೊಡೆಯನ್ನು ಮೊಣಕಾಲ ಮಧ್ಯೆ ನಿಲ್ಲಿಸಿಕೊಂಡು ಕೂತಿದ್ದರು. ನಾನು ಪರವಾಗಿ ಮಾತಾಡಿದೆ. ಅಲ್ಲಗಳೆಯುವವರು ಈಗ ಯಾರೂ ಉಳಿದಿಲ್ಲ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಬಹಳ ಚೆನ್ನಾಗಿ ಮಾತಾಡಿದೆ. ಬಾಣವೊಂದು ನನ್ನ ಜಡೆಗೆ ಸಿಕ್ಕಿಕೊಂಡರೂ ನಿಲ್ಲಿಸಲಿಲ್ಲ.

ಆಮೇಲೆ ಅವಳು ಎದ್ದಳು. ಹುಡುಗರು ಬೆಂಚು ಬಡಿದರು. ಅವಳು ಸುಮ್ಮನೆ ನಿಂತಳು, ತನ್ನಪ್ಪ ಜಗಲಿ ಮೇಲೆ ಕಾಯುತ್ತಿದ್ದಂತೆ ಕಾದಳು. ಸದ್ದು ತಾನಾಗಿ ಅಡಗಿತು.

"ನಾನು ರಜೆಗೆ ಊರಿಗೆ ಹೋದರೆ ನನ್ನವ್ವ ನನಗೆ ಮಣೆ ಹಾಕುತ್ತಾಳೆ" ಅಂತ ಶುರು ಮಾಡಿದಳು. "ನೆಂಟರಿಗೆ ಹಾಕಿದ ಹಾಗೆ. ಸೆರಗಿನಿಂದ ಒರೆಸಿ ಹಾಕುತ್ತಾಳೆ. ಕೊಟ್ಟಿಗೆಗೆ ಹೊರಟರೆ, ನೀನು ಓದಿದವಳು, ಬೇಡ ಅನ್ನುತ್ತಾಳೆ. ರಾತ್ರಿ ನಮ್ಮ ಹಸು ಕರು ಹಾಕಲು ಒದ್ದಾಡುತ್ತಿದ್ದರೆ, ಮನೆಮಂದಿಯೆಲ್ಲ ಎದ್ದು ಓಡಿದರೂ ನನ್ನನ್ನು ಎಬ್ಬಿಸುವುದಿಲ್ಲ. ಎಬ್ಬಿಸಿದರೂ ಪ್ರಯೋಜನವಿಲ್ಲ, ನನಗೆ ಏನೂ ತಿಳಿಯದು. ಕಾಲೇಜು ನನಗೆ ಬಹಳ ಕೊಟ್ಟಿತು, ಅಧ್ಯಕ್ಷರೇ. ಕೊಟ್ಟು, ನನ್ನ ಮನೆಗೇ ನನ್ನನ್ನು ನೆಂಟಳನ್ನಾಗಿ ಮಾಡಿತು..."

ಇದನ್ನು ನಾವು ಬಚ್ಚಲೊಲೆಯ ಮುಂದೆ ಯಾವತ್ತೂ ಅಭ್ಯಾಸ ಮಾಡಿರಲಿಲ್ಲ. ಹಿಂದಿನ ಸಾಲಿನ ಹುಡುಗರ ಕೈಯಲ್ಲಿ ಬಾಣ ಹಾಗೇ ಉಳಿಯಿತು. ನಾನು ಅವಳಪ್ಪನ ಕಡೆ ನೋಡಿದೆ. ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೊದಲ ಬಹುಮಾನ ಅವಳಿಗೆ, ಷೀಲ್ಡು ನಮ್ಮ ಕಾಲೇಜಿಗೆ. ಹೊರಗೆ ಬಂದಾಗ ಅವಳಪ್ಪ ಬೇವಿನ ಮರದ ಕೆಳಗೆ ನಿಂತಿದ್ದರು. ಮಗಳ ತಲೆ ಸವರಿದರು. ಅದೂ ಅಷ್ಟು ಜನರೆದುರು.

"ಏನ್ ಮಾತಾಡ್ಬುಟ್ಟೆ ಮಗಾ! ನನ್ ಕಣ್ ತೆರುಸ್ಬುಟ್ಟೆ. ನಿನ್ ಮನಸ್ನಾಗೆ ಇಷ್ಟ್ ನೋವಿತ್ತು ಅಂತ ನಂಗೆಲ್ಲವ್ವ ಗೊತ್ತಿತ್ತು? ನಡಿ, ಊರಿಗೋಗಾನ. ಇನ್ ಈ ಓದು ಬ್ಯಾಡ."

ಅವಳ ಮುಖದಲ್ಲಿದ್ದ ನಗು ಹಾಗೇ ನಿಂತುಹೋಯಿತು. "ಅಪ್ಪಾ, ಅದು ಚೀಟೀಲಿ ಬಂದಿದ್ದು. ಎರಡು ಕಡೇಲೂ ಮಾತಾಡ್ಬೇಕು, ಆಟ ಇದ್ದಂಗೆ..."

"ಚೀಟಿ ಯಾವುದಾರ ಬರ್ಲಿ. ಮಾತು ಯಾರ್ದವ್ವ? ನಿಂದೇ ಅಲ್ವಾ?"

ಮೇಷ್ಟ್ರು ಬಂದು, ಇದು ಸ್ಪರ್ಧೆ, ಇವಳ ಸ್ವಂತ ಅಭಿಪ್ರಾಯವಲ್ಲ ಅಂತ ಬಿಡಿಸಿ ಹೇಳಿದರು. ಆ ಹಿರಿಯರು ಕೈ ಮುಗಿದುಕೊಂಡೇ ಕೇಳಿಸಿಕೊಂಡರು. ಸಿಟ್ಟಿರಲಿಲ್ಲ, ಗದರಲಿಲ್ಲ.

"ಸಾ, ನಾನು ಓದುದೋನಲ್ಲ. ನಾಕ್ ಜನ ಸೇರಿದ್ ಕಡೆ ಆಡಿದ್ ಮಾತ ನಾಳೀಕೆ ಇಲ್ಲ ಅಂದೋನ್ಗೆ ನಮ್ಮೂರ್ನಾಗೆ ತಪ್ಪುದಂಡ ಕಟ್ಟುಸ್ತೀವಿ. ಇಲ್ಲಿ ಊರ್ಗೂರೇ ಸೇರಿತ್ತು. ನನ್ ಮಗ್ಳು ಸುಳ್ಳಾಡುದ್ಳು ಅಂತ ನೀವ್ ಅನ್ನಿ, ಇವ್ಳ ಇಲ್ಲೇ ಬುಟ್ಟೋಯ್ತೀನಿ."

ಮೇಷ್ಟ್ರು ಅವಳ ಕಡೆ ನೋಡಿದರು. ಬಹುಮಾನ ಅವಳ ಕೈಯಲ್ಲೇ ಇತ್ತು.

ಆ ಸಂಜೆಯೇ ಅವಳ ಟ್ರಂಕು ಬಸ್ಸಿನ ಮೇಲೆ ಹತ್ತಿತು.

ಆಮೇಲೆ ಅವಳನ್ನು ನೋಡಿದ್ದು ಒಂದೇ ಸಲ. ಐದಾರು ವರ್ಷ ಕಳೆದಿತ್ತು. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಕಂಕುಳಲ್ಲೊಂದು ಕೂಸು, ಸೆರಗು ಹಿಡಿದು ಇನ್ನೊಂದು. ನಾನು ಸ್ಕೂಲು ಟೀಚರಾಗಿದ್ದೇನೆ ಅಂತ ಕೇಳಿ, "ಅಯ್ಯೋ, ಆ ಮಕ್ಳ ಗತಿಯೇನೇ!" ಅಂತ ನಕ್ಕಳು. ಬಸ್ಸು ಬರುವುದರೊಳಗೆ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ.

"ಅವತ್ತು ಒಂಚೂರು ತಡವರಿಸಿದ್ರೆ ಏನಾಗ್ತಿತ್ತೇ? ಷೀಲ್ಡು ಹಾಳಾಗಿಹೋಗ್ತಿತ್ತು ಅಷ್ಟೆ."

ಕೂಸಿನ ಮೂಗೊರೆಸುತ್ತ ಹೇಳಿದಳು: "ಅಪ್ಪ ಮೊದುಲ್ನೇ ಸಲ ನನ್ ಮಾತ ಕೇಳಾಕೆ ಕುಂತಿದ್ದ ಕಣೇ. ಕೆಟ್ಟದಾಗಿ ಎಂಗ್ ಆಡ್ಲಿ?"

ಅರಕಲಗೂಡಿನ ಬಸ್ಸು ಬಂತು, ಹತ್ತಿದಳು. ಜನದ ನಡುವೆ ಕೈ ಬೀಸಿದಳೋ ಇಲ್ಲವೋ, ಕಾಣಲಿಲ್ಲ.

ಅವಳು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಬಹಳ ತಡವಾಗಿ, ಯಾರದೋ ಮದುವೆ ಊಟದ ಪಂಕ್ತಿಯಲ್ಲಿ. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ಗಂಡನ ಊರಿನವಳು. "ಗೊತ್ತು ಬುಡಿ, ಒಳ್ಳೇ ಎಂಗ್ಸು" ಅಂದಳು. "ಪಾಪ, ಬೋ ಮೂಗಿ ಕಣಮ್ಮ. ಅವ್ರ್ ಬಾಯಲ್ಲಿ ಒಂದ್ ಮಾತ್ ಬಂದಿದ್ದು ನಾನ್ ಕೇಳಿಲ್ಲ." ಎಲೆಯಲ್ಲಿ ಬಡಿಸಿದ್ದು ಹಾಗೇ ಉಳಿಯಿತು. ಅಷ್ಟು ಮಾತಿನವಳನ್ನು...

ಇವತ್ತು ಬೆಳಿಗ್ಗೆ ಮನೆಯವರೆಲ್ಲ ಹೊರಟ ಮೇಲೆ ಬಾಗಿಲು ಹಾಕಿಕೊಂಡು, ನಡುಮನೆಯಲ್ಲಿ ನಿಂತು, ಅವಳ ಆ ದಿನದ ಭಾಷಣವನ್ನು ಗಟ್ಟಿಯಾಗಿ ಹೇಳಿ ನೋಡಿದೆ. ಒಂದು ಮಾತೂ ಮರೆತಿಲ್ಲ. ಎಲ್ಲಿ ತಗ್ಗಿಸಿದಳು, ಎಲ್ಲಿ ಸುಮ್ಮನಾದಳು, ಎಲ್ಲ ನೆನಪಿದೆ. ಕೊನೆಯವರೆಗೂ ಹೇಳಿದೆ. ಅವಳ ದನಿ ಹೇಗಿತ್ತು ಎಂಬುದು ಮಾತ್ರ, ಏನು ಮಾಡಿದರೂ, ಕಿವಿಗೆ ಬರಲಿಲ್ಲ.