ಬೆಚ್ಚನೆಯ ಕೋಣೆಯ ಜೋಕಿಮರು

ಬೆಳಿಗ್ಗೆ ಆರು ಗಂಟೆ. ಕಾಪುವಿನ ಹೆರಿಗೆ ಆಸ್ಪತ್ರೆಯ ಹಿಂದಿನ ಹಂಚಿನ ಮಾಡಿನಡಿ ಜೋಕಿಮರು ಬಾಯ್ಲರಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದಾರೆ. ಒತ್ತಡ ತೋರಿಸುವ ಮುಳ್ಳು, ನಿಲ್ಲಬೇಕಾದ ಕೆಂಪು ಗೆರೆಯಿಂದ ಬಹಳ ಕೆಳಗೆ ಇಳಿದಿದೆ. ನೀರಿನ ಒತ್ತಡ ಇಲ್ಲದಿದ್ದರೆ ಬಿಸಿನೀರು ಕೊಳವೆಗಳಲ್ಲಿ ಸುತ್ತುವುದಿಲ್ಲ. ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಮಲಗಿಸುವ ಕೋಣೆ ತಣ್ಣಗಾಗುತ್ತದೆ. ಇಂದು ಅಲ್ಲಿರುವುದು ಒಂದೇ ಕೂಸು, ಪಾತುಮ್ಮನಿಗೆ ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಮಗು. ಹೊರಗೆ ಆಷಾಢದ ಗಾಳಿ.

ಜೋಕಿಮರು ಕೆಂಡವನ್ನು ಹೊರಕ್ಕೆಳೆದು ಸುಮ್ಮನೆ ಕಾಯುತ್ತಾರೆ. ಮಗುವಿನ ಅಜ್ಜಿ ಆಸಿಯಮ್ಮ ಬಾಗಿಲಿಗೆ ಬಂದು, ಕ್ರೈಸ್ತ ಗಂಡಸರನ್ನು ಈ ಕಡೆಯವರು ಕರೆಯುವಂತೆಯೇ ಕರೆಯುತ್ತಾರೆ.

"ಪೊರ್ಬುಗಳೇ, ಎಂತ ಕೂತದ್ದು? ಬೇಗ ನೀರು ತುಂಬಿಸಬಾರದಾ?"

"ಕಾದ ಕಬ್ಬಿಣಕ್ಕೆ ತಣ್ಣೀರು ಹೋದರೆ ಅದು ಒಡೆಯುತ್ತದೆ, ಆಸಿಯಮ್ಮ. ಮತ್ತೆ ಕೋಣೆಗೆ ಬಿಸಿ ಇವತ್ತೂ ಇಲ್ಲ, ನಾಳೆಯೂ ಇಲ್ಲ. ನೀವು ಮಗುವನ್ನು ಎದೆಗೆ ಒತ್ತಿ ಹಿಡಿದುಕೊಳ್ಳಿ."

ಹೆಜಮಾಡಿಯ ಜೋಕಿಮರು ಹದಿನೆಂಟು ವರ್ಷ ಕಾರ್ಕಳದ ಅಕ್ಕಿ ಗಿರಣಿಯಲ್ಲಿ ಉರಿ ಹಾಕಿದವರು. ಹೊಗೆಗೆ ಒಂದು ಕಣ್ಣು ಮಂಜಾದಾಗ ಆ ಕೆಲಸ ಹೋಯಿತು. 1958ರಲ್ಲಿ ಹಡಗಿನಲ್ಲಿ ಬಂದ ಈ ಬಾಯ್ಲರನ್ನು ಜೋಡಿಸಬಲ್ಲವರು ಯಾರೂ ಸಿಗದೆ ಆಸ್ಪತ್ರೆ ನಡೆಸುವ ಕನ್ಯಾಸ್ತ್ರೀಯರು ಇವರನ್ನು ಕರೆಸಿದರು. ಐದು ವರ್ಷದಿಂದ ದಿನಕ್ಕೆ ಎಂಟು ಬುಟ್ಟಿ ಕಲ್ಲಿದ್ದಲು, ಎರಡು ಗಂಟೆಗೊಮ್ಮೆ ಮುಳ್ಳಿನ ಮೇಲೆ ಕಣ್ಣು. ಆ ಕೋಣೆಯಿಂದ ಮೂವತ್ತೊಂದು ಮಕ್ಕಳು ಮನೆಗೆ ಹೋಗಿವೆ. ಅಂಥ ಕೋಣೆ ಇಲ್ಲದ ಕಾಲದಲ್ಲಿ ಮೊಮ್ಮಗುವನ್ನು ಮಣ್ಣಿಗೆ ಕೊಟ್ಟು ಬಂದವನು, ಇದನ್ನು ಬರೆಯುತ್ತಿರುವ ನಾನು. ಆ ಸಂಖ್ಯೆ ಕೇಳಿ ದೇವರಿಗೆ ಕೈ ಮುಗಿದೆ.

ಕಬ್ಬಿಣ ತಣಿಯುವವರೆಗೆ ಜೋಕಿಮರು ಕೊಳವೆಯ ಉದ್ದಕ್ಕೂ ಸೋರಿಕೆ ಹುಡುಕುತ್ತಾರೆ. ಮಗುವಿನ ಕೋಣೆಯಲ್ಲಿ, ಒಳಗೆ ಸೇರಿದ ಗಾಳಿಯನ್ನು ಬಿಡುವ ಪುಟ್ಟ ನಲ್ಲಿ ಸಡಿಲವಾಗಿ ತೊಟ್ಟಿಕ್ಕುತ್ತಿದೆ. ಕೆಳಗೆ ನೆಲವೆಲ್ಲ ಒದ್ದೆ.

ಆಸಿಯಮ್ಮ ತಲೆ ತಗ್ಗಿಸುತ್ತಾರೆ. "ನಾನೇ ತಿರುಗಿಸಿದ್ದು. ಬಾಣಂತಿ ಮೀಯಲಿಕ್ಕೆ ಬಿಸಿನೀರು ಬೇಕಲ್ವಾ? ಗೋಡೆಯಲ್ಲೇ ಉಂಟು ಅಂತ ಎರಡು ಕೊಡ ಹಿಡಿದೆ."

"ಅದು ಐದು ವರ್ಷದಿಂದ ಕೊಳವೆಯಲ್ಲೇ ಸುತ್ತುವ ನೀರು, ಮಾರಾಯ್ರೆ. ಮಗಳಿಗೆ ತುಕ್ಕಿನ ಸ್ನಾನ ಮಾಡಿಸಿದ್ದೀರಿ."

ಬೈಗುಳ ಅಷ್ಟೇ. ನಲ್ಲಿಯನ್ನು ಬಿಗಿದು ಬಂದು ಅವರು ಬಾಯ್ಲರಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ಈಗ ತಡೆಯುವಷ್ಟು ತಣಿದಿದೆ. ಕೈಪಂಪನ್ನು ನಿಧಾನವಾಗಿ ಒತ್ತಿದಂತೆ ಮುಳ್ಳು ಏರುತ್ತದೆ. ಮತ್ತೆ ಕೋಣೆಗೆ ಹೋಗಿ ನಲ್ಲಿಯನ್ನು ತುಸು ತೆರೆಯುತ್ತಾರೆ. ಗಾಳಿ ಬುಸುಗುಟ್ಟಿ, ಕೊನೆಗೆ ನೀರು ಬಂದಾಗ ಮುಚ್ಚುತ್ತಾರೆ. ಮುಳ್ಳು ಸ್ವಲ್ಪ ಇಳಿದಿದೆ. ಇನ್ನಷ್ಟು ಪಂಪು ಒತ್ತಿ, ಗೆರೆಗೆ ನಿಲ್ಲಿಸಿ, ಹದವಾಗಿ ಬೆಂಕಿ ಹಾಕುತ್ತಾರೆ.

ಬಾಣಂತಿಯರ ಸ್ನಾನಕ್ಕೆ ಹಿತ್ತಿಲಲ್ಲಿ ಒಂದು ಹಂಡೆ ಹೂಡಿಸಿಕೊಡಿ ಎಂದು ಕನ್ಯಾಸ್ತ್ರೀಯರ ಹಿರಿಯರಾದ ಮದರನ್ನು ಕೇಳಬೇಕು, ಅದರ ಉರಿಯನ್ನೂ ತಾನೇ ನೋಡಿಕೊಳ್ಳುತ್ತೇನೆ ಎನ್ನುತ್ತಾರೆ ಜೋಕಿಮರು. ಅವರಿಗಿರುವ ಬಯಕೆ ಅದೊಂದೇ.

ಒಂಬತ್ತು ಗಂಟೆಗೆ ಆಸಿಯಮ್ಮ ನಗುತ್ತ ಬರುತ್ತಾರೆ. ಕೂಸು ಹಾಲು ಚೀಪಿದೆಯಂತೆ, ಪಾದ ಬೆಚ್ಚಗಾಗಿದೆಯಂತೆ, ಬಂದು ಮುಟ್ಟಿ ನೋಡಬೇಕಂತೆ.

ಜೋಕಿಮರು ಮಸಿಗೈಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

"ಬೇಡ. ನಾನು ಕೊಳವೆ ಮುಟ್ಟಿ ನೋಡಿದ್ದೇನೆ, ಬೆಚ್ಚಗುಂಟು. ನನಗೆ ಗೊತ್ತಾಯಿತು."